ಅಪ್ಪ ಬೇಡವೆಂದ ಲಾರಿ: ವಿಜಯ ಸಂಕೇಶ್ವರರ 1976ರ ನಿರ್ಧಾರ, ಒಂದು ಪ್ರಕರಣ ಅಧ್ಯಯನ

1976ರಲ್ಲಿ ಗದಗ ಇನ್ನೂ ಧಾರವಾಡ ಜಿಲ್ಲೆಯೊಳಗಿನ ಊರು. ಅಲ್ಲಿ ಪುಸ್ತಕ ಮುದ್ರಣ ಮತ್ತು ಪ್ರಕಟಣೆಯಲ್ಲಿ ಗಟ್ಟಿಯಾಗಿ ನೆಲೆಯೂರಿದ್ದ ಬಿ.ಜಿ. ಸಂಕೇಶ್ವರರ ಮಗ ವಿಜಯ ಸಂಕೇಶ್ವರ, ಸಾಲ ಮಾಡಿ ಒಂದು ಲಾರಿ ಕೊಂಡರು. ಅವರು ಹುಟ್ಟಿದ್ದು 1950ರಲ್ಲಿ. ಹದಿನಾರು ತುಂಬಿದಾಗಲೇ ತಂದೆ ಅವರ ಕೈಗೆ ವಿಜಯ ಪ್ರಿಂಟಿಂಗ್ ಪ್ರೆಸ್ ಒಪ್ಪಿಸಿದ್ದರು. ವಾಣಿಜ್ಯ ಪದವಿಯೂ ಕೈಯಲ್ಲಿತ್ತು, ಮದುವೆಯಾಗಿ ಸಂಸಾರವೂ ಇತ್ತು. ನಡೆಯುತ್ತಿರುವ ಪ್ರೆಸ್ಸು, ಊರಿನಲ್ಲಿ ಮನೆತನದ ಹೆಸರು, ಗೊತ್ತಿರುವ ಕಸುಬು ಇಷ್ಟೂ ಇರುವಾಗ ಲಾರಿ ಏಕೆ ಎಂಬುದು ಮನೆಯ ಪ್ರಶ್ನೆ. ತಂದೆಗೆ ಈ ವ್ಯವಹಾರ ಒಪ್ಪಿಗೆಯಾಗಲಿಲ್ಲ. ಮಗ ಹಿಂದೆ ಸರಿಯಲಿಲ್ಲ.

ಆ ಒಂದು ಲಾರಿಯಿಂದ ಬೆಳೆದದ್ದು ಇಂದಿನ ಸರಕು ಸಾಗಣೆ ಕಂಪನಿ ವಿಆರ್‌ಎಲ್ (ವಿಜಯಾನಂದ ರೋಡ್‌ಲೈನ್ಸ್). ಐದು ಸಾವಿರಕ್ಕೂ ಹೆಚ್ಚು ಸರಕು ವಾಹನಗಳ ಒಡೆತನ ಅದಕ್ಕಿದೆ. ಹೀಗಾಗಿ ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ: ಅಪ್ಪ ಬೇಡ ಎಂದರು, ಮಗ ಛಲ ಬಿಡಲಿಲ್ಲ, ಕೊನೆಗೆ ಗೆದ್ದರು. ಸ್ವಂತ ಉದ್ಯಮದ ಕನಸು ಕಟ್ಟಿಕೊಂಡು ಮನೆಯಲ್ಲಿ ಜಗಳವಾಡುತ್ತಿರುವ ತರುಣರು ಈ ಕಥೆಯನ್ನು ತಮ್ಮ ಪರವಾದ ಸಾಕ್ಷಿಯಾಗಿ ಮುಂದಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹಾಗೆ ಹೇಳಿದಾಗ ಪ್ರಕರಣದ ಅತ್ಯಂತ ಉಪಯುಕ್ತವಾದ ಭಾಗವೇ ಉದುರಿಹೋಗುತ್ತದೆ. 1976ರಲ್ಲಿ ಮನೆಯವರ ಆಕ್ಷೇಪ ಸರಿಯಾಗಿತ್ತು. ಒಂದು ಲಾರಿ ಇಟ್ಟುಕೊಂಡು ಬಾಡಿಗೆ ಹೊಡೆಯುವ ವ್ಯವಹಾರದ ಬಗ್ಗೆ ಆ ಕಾಲದ ಯಾವುದೇ ಹಿರಿಯರು ಏನು ಹೇಳುತ್ತಿದ್ದರೋ ಅದೆಲ್ಲ ಮೊದಲ ವರ್ಷಗಳಲ್ಲಿ ನಿಜವಾಯಿತು. ಮಗ ಗೆದ್ದದ್ದು ಆ ಆಕ್ಷೇಪಗಳು ಅನ್ವಯಿಸದಂಥ ಬೇರೊಂದು ವ್ಯವಹಾರಕ್ಕೆ ದಾಟಿದ ಮೇಲೆ. ಈ ಅಧ್ಯಯನ ಅದರ ಕುರಿತಾಗಿಯೇ ಇದೆ.

ಕಣ್ಣಮುಂದಿನ ಯಂತ್ರ, ಕಣ್ಮರೆಯಾಗುವ ಲಾರಿ

ಗದಗ-ಬೆಟಗೇರಿ ವ್ಯಾಪಾರ ಬಲ್ಲ ಅವಳಿ ಊರು. ಬೆಟಗೇರಿಯ ಮಗ್ಗ, ಗದಗಿನ ಹತ್ತಿ ಮಾರುಕಟ್ಟೆ, ಹುಬ್ಬಳ್ಳಿ, ಗುಂತಕಲ್ ಮತ್ತು ಸೊಲ್ಲಾಪುರದ ಕಡೆಗೆ ಕವಲೊಡೆಯುವ ರೈಲು ಜಂಕ್ಷನ್ ಇವೆಲ್ಲ ಅಲ್ಲಿದ್ದವು. ದೇಶದ ಮೊದಲ ಕೃಷಿ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ಪಕ್ಕದ ಕಣಗಿನಹಾಳದಲ್ಲಿ. ಇವೆಲ್ಲದರ ಜೊತೆಗೆ ಮುದ್ರಣ ಗದಗಿನ ಹೆಮ್ಮೆಯ ಕಸುಬು. ಉತ್ತರ ಕರ್ನಾಟಕದ ಶಾಲೆಗಳಿಗೆ, ಅಂಗಡಿಗಳಿಗೆ ಬೇಕಾದ ಪುಸ್ತಕ, ಪಟ್ಟಿಗಳು ಅಲ್ಲಿ ಅಚ್ಚಾಗುತ್ತಿದ್ದವು.

ಪ್ರೆಸ್ಸಿನ ವ್ಯವಹಾರದ ಸ್ವಭಾವವನ್ನು ಗಮನಿಸಿದರೆ ಮನೆಯವರ ಅಳುಕು ಅರ್ಥವಾಗುತ್ತದೆ. ಯಂತ್ರ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದು. ಕೆಲಸಗಾರರು ಮಾಲೀಕರ ಕಣ್ಣಳತೆಯಲ್ಲೇ ಅಚ್ಚಿನ ಮೊಳೆ ಜೋಡಿಸುತ್ತಾರೆ. ಕಾಗದದ ರೀಮು ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬುದನ್ನು ಸಂಜೆ ಎಣಿಸಿ ನೋಡಬಹುದು. ಶಾಲೆ ತೆರೆಯುವ ಹಂಗಾಮಿಗೆ ಎಷ್ಟು ಅಚ್ಚು ಹಾಕಬೇಕೆಂಬ ಅಂದಾಜು ಹಿಂದಿನ ವರ್ಷದ ಲೆಕ್ಕದಿಂದ ಸಿಗುತ್ತದೆ. ತಪ್ಪಾದರೂ ಆ ತಪ್ಪು ಗೋದಾಮಿನಲ್ಲಿ ಉಳಿದ ಪುಸ್ತಕದ ರೂಪದಲ್ಲಿ ಇರುತ್ತದೆ. ಮುಂದಿನ ವರ್ಷಕ್ಕೆ ಸ್ವಲ್ಪವಾದರೂ ತಿರುಗಿ ಬರುತ್ತದೆ.

ಲಾರಿ ಹಾಗಲ್ಲ. ಊರ ಗಡಿ ದಾಟಿದರೆ ಅದು ಮಾಲೀಕರ ಕೈಯಲ್ಲಿಲ್ಲ. 1976ರಲ್ಲಿ ಮೊಬೈಲ್ ಇಲ್ಲ. ದೂರದೂರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಲಾರಿ ಎಲ್ಲಿ ನಿಂತಿದೆ, ಡೀಸೆಲ್ ಎಷ್ಟು ಹಾಕಿಸಿದರು, ದಾರಿಯಲ್ಲಿ ಬೇರೆ ಯಾರ ಮಾಲನ್ನು ಏರಿಸಿಕೊಂಡರು, ಇದಾವುದೂ ಚಾಲಕ ಮರಳಿ ಬಂದು ಹೇಳುವವರೆಗೆ ತಿಳಿಯದು. ಹೇಳಿದ್ದನ್ನು ನಂಬುವುದಷ್ಟೇ ದಾರಿ. ಕೂತಲ್ಲೇ ಲೆಕ್ಕ ನೋಡಿ ಬೆಳೆದ ಮನೆತನಕ್ಕೆ ಇದು ಬೇರೆ ಲೋಕದ ವ್ಯವಹಾರವೆನಿಸಿದರೆ ಆಶ್ಚರ್ಯವಿಲ್ಲ. ಜೊತೆಗೆ ಮರ್ಯಾದೆಯ ಮಾತೂ ಇತ್ತು. ಪುಸ್ತಕ ಪ್ರಕಟಿಸುವ ಮನೆಗೆ ಸಮಾಜದಲ್ಲಿ ಇದ್ದ ಸ್ಥಾನ, ಲಾರಿ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯುವವರಿಗೆ ಆಗ ಇರಲಿಲ್ಲ. ಇದನ್ನು ಬರೀ ಒಣ ಪ್ರತಿಷ್ಠೆ ಎಂದು ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ. ಕಾಗದದ ವ್ಯಾಪಾರಿ ಉದ್ರಿ ಕೊಡುವುದು ಮನೆತನದ ಹೆಸರು ನೋಡಿಯೇ. ಮಗನ ಲಾರಿ ಸಾಲದಲ್ಲಿ ಮುಳುಗಿದೆ ಎಂಬ ಸುದ್ದಿ ಹಬ್ಬಿದರೆ ಪ್ರೆಸ್ಸಿನ ಉದ್ರಿಗೂ ಕುತ್ತು ಬರುತ್ತದೆ.

ಒಂಟಿ ಲಾರಿಯ ಲೆಕ್ಕ

ಆಗ ಒಂದು ಲಾರಿಯ ಮಾಲೀಕ ಏನು ಮಾಡುತ್ತಿದ್ದ ಎಂಬುದನ್ನು ಬಿಡಿಸಿ ನೋಡಬೇಕು. ಮನೆಯ ವಿರೋಧದ ಬೇರು ಅಲ್ಲಿದೆ.

ಎರಡು ಆ್ಯಕ್ಸಲ್‌ನ ಲಾರಿಗೆ ಆರು ಚಕ್ರ, ಮೇಲೊಂದು ಸ್ಟೆಪ್ನಿ. ಸಾಲದ ಕಂತು ಪ್ರತಿ ತಿಂಗಳೂ ಬರುತ್ತದೆ, ಲಾರಿ ಓಡಲಿ, ನಿಲ್ಲಲಿ. ರಸ್ತೆ ತೆರಿಗೆ, ವಿಮೆ, ಪರ್ಮಿಟ್, ವರ್ಷಕ್ಕೊಮ್ಮೆ ಎಫ್‌ಸಿ (ವಾಹನದ ಅರ್ಹತಾ ಪತ್ರ) ಇವೂ ಹಾಗೆಯೇ. ಓಡಿದಾಗ ಡೀಸೆಲ್, ಟೈರ್ ಸವೆತ, ಚಾಲಕ ಮತ್ತು ಕ್ಲೀನರ್‌ನ ಬಾಟಾ (ದಿನಭತ್ಯೆ), ಹಮಾಲಿ, ದಾರಿ ಖರ್ಚು ಸೇರುತ್ತವೆ. ಆದಾಯ ಮಾತ್ರ ಒಂದೇ ಕಡೆಯಿಂದ: ದಲಾಲಿಯ ಮೂಲಕ ಸಿಗುವ ಪೂರ್ತಿ ಲೋಡು. ಗದಗಿನಿಂದ ಹತ್ತಿಯೋ ಕಾಳೋ ತುಂಬಿಕೊಂಡು ಬೆಂಗಳೂರಿಗೆ ಹೋಗುವುದು ಸುಲಭ. ಅಲ್ಲಿಂದ ಮರಳಿ ಬರುವಾಗ ಲೋಡು ಸಿಗದಿದ್ದರೆ ನಾಲ್ಕುನೂರಕ್ಕೂ ಹೆಚ್ಚು ಕಿಲೋಮೀಟರ್ ಖಾಲಿ ಓಡಿಸಬೇಕು. ಇಲ್ಲವೇ ಲೋಡಿಗಾಗಿ ಎರಡು ಮೂರು ದಿನ ಕಾದು ಕೂರಬೇಕು, ಆ ದಿನಗಳ ಬಾಟಾ ಕೊಡಬೇಕು. ಮರಳಿ ಬರುವ ಬಾಡಿಗೆ ಎಷ್ಟು ಎಂಬುದನ್ನು ಹೇಳುವವನು ದಲಾಲಿ. ಲಾರಿ ಮಾಲೀಕನ ಆತುರ ಅವನಿಗೆ ಚೆನ್ನಾಗಿ ಗೊತ್ತು.

ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ಹೀಗೆ ಊರು ಊರಿನ ಬಾಗಿಲಲ್ಲಿ ಜಕಾತಿ ನಾಕೆ (ಊರೊಳಗೆ ಬರುವ ಸರಕಿನ ಸುಂಕ ವಸೂಲಿ ಮಾಡುವ ಕಟ್ಟೆ) ಇದ್ದ ಕಾಲ ಅದು. ಕರ್ನಾಟಕದಲ್ಲಿ ಜಕಾತಿ ರದ್ದಾದದ್ದು 1979ರಲ್ಲಿ. ಅಲ್ಲಿಯವರೆಗೆ ಪ್ರತಿ ನಾಕೆಯಲ್ಲಿ ನಿಲ್ಲಬೇಕು, ಕಾಗದ ತೋರಿಸಬೇಕು, ಸರದಿ ಕಾಯಬೇಕು. ಒಂದು ಅಪಘಾತವಾದರೆ, ಎಂಜಿನ್ ಕೈಕೊಟ್ಟರೆ, ಟೈರ್ ಒಟ್ಟೊಟ್ಟಿಗೆ ಹೋದರೆ ಇಡೀ ವರ್ಷದ ಉಳಿತಾಯ ಹೋದಂತೆ. ಹತ್ತು ಲಾರಿ ಇದ್ದವನಿಗೆ ಒಂದು ನಿಂತರೆ ಒಂಬತ್ತು ಓಡುತ್ತವೆ. ಒಂದೇ ಇದ್ದವನಿಗೆ ನಿಂತದ್ದು ಲಾರಿಯಲ್ಲ, ವ್ಯವಹಾರವೇ.

ಇದು ಅಂದು ಗುಟ್ಟಾಗಿರಲಿಲ್ಲ. ಲಾರಿ ಕೊಂಡು ಹೊಲ ಮಾರಿದವರ ಉದಾಹರಣೆ ಹಳ್ಳಿ ಹಳ್ಳಿಯಲ್ಲೂ ಸಿಗುತ್ತಿತ್ತು, ಇಂದಿಗೂ ಸಿಗುತ್ತದೆ. ಆದ್ದರಿಂದ ತಂದೆಯ ವಿರೋಧವನ್ನು ಹಳೆಯ ತಲೆಮಾರಿನ ಹೆದರಿಕೆ ಎಂದು ಓದುವುದು ಅನ್ಯಾಯ. ಅವರೂ ಉದ್ಯಮಿಯೇ. ಪ್ರೆಸ್ಸನ್ನು ಹದಿನಾರರ ಹುಡುಗನ ಕೈಗೆ ಕೊಡುವ ಧೈರ್ಯ ಮಾಡಿದ ತಂದೆಗೆ ಅಪಾಯವೆಂದರೆ ಏನೆಂದು ಗೊತ್ತಿರಲಿಲ್ಲ ಎನ್ನಲಾಗದು. ಮಗನ ಮೇಲೆ ನಂಬಿಕೆಯಿತ್ತು. ಲಾರಿಯ ಮೇಲೆ ಇರಲಿಲ್ಲ. ಈ ಎರಡನ್ನು ಬೇರೆ ಬೇರೆಯಾಗಿ ಕಾಣಲಾರದೆ ಎಷ್ಟೋ ಮನೆಗಳಲ್ಲಿ ಮಕ್ಕಳು ತಮ್ಮ ಯೋಗ್ಯತೆಗೇ ಅವಮಾನವಾಯಿತೆಂದು ಸಿಟ್ಟಾಗುತ್ತಾರೆ.

ನಡೆದದ್ದು ಏನು

ಮೊದಲ ವರ್ಷಗಳು ಕಷ್ಟದವು. ನಷ್ಟ, ಅಪಘಾತ, ಸಾಲದ ಒತ್ತಡ ಇವನ್ನೆಲ್ಲ ಸಂಕೇಶ್ವರರೇ ನಂತರದ ವರ್ಷಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಮನೆಯವರು ಯಾವುದಕ್ಕೆ ಹೆದರಿದ್ದರೋ ಅದೇ ಆಯಿತು. ಇಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಕರಣ ತಂದೆಯ ಮಾತು ನಿಜವಾದ ನೂರಾರು ಪ್ರಕರಣಗಳಲ್ಲಿ ಒಂದಾಗಿ ಉಳಿಯುತ್ತಿತ್ತು.

ತಿರುವು ಬಂದದ್ದು ವ್ಯವಹಾರದ ಬಗೆ ಬದಲಾದಾಗ. ಗದಗಿನಿಂದ ಶುರುವಾದ ಓಡಾಟ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿಗೆ ಹಬ್ಬಿತು. ನೆಲೆ ಹುಬ್ಬಳ್ಳಿಗೆ ಬದಲಾಯಿತು. 1983ರ ಮಾರ್ಚ್ 31ರಂದು ವಿಜಯಾನಂದ ರೋಡ್‌ಲೈನ್ಸ್ ಪ್ರೈವೇಟ್ ಲಿಮಿಟೆಡ್ ಎಂಬ ಕಂಪನಿ ನೋಂದಣಿಯಾಯಿತು. ಒಬ್ಬ ಗಿರಾಕಿಯ ಪೂರ್ತಿ ಲೋಡಿಗಾಗಿ ಕಾಯುವುದನ್ನು ಬಿಟ್ಟು, ನೂರಾರು ಗಿರಾಕಿಗಳ ಚಿಕ್ಕ ಚಿಕ್ಕ ಪಾರ್ಸಲ್ ಒಟ್ಟುಮಾಡಿ ಸಾಗಿಸುವುದು ಈ ಕಂಪನಿಯ ಬೆನ್ನೆಲುಬಾಯಿತು.

ಪಾರ್ಸಲ್ ವ್ಯವಹಾರದ ಒಳಗುಟ್ಟು ಇಷ್ಟು. ಬುಕಿಂಗ್ ಆಫೀಸಿಗೆ ಅಂಗಡಿಯವರು ಗಂಟು, ಪೆಟ್ಟಿಗೆ, ಚೀಲ ತಂದು ಹಾಕುತ್ತಾರೆ. ತೂಕ ನೋಡಿ ಎಲ್‌ಆರ್ (ಲಾರಿ ರಸೀದಿ) ಬರೆದುಕೊಡುತ್ತಾರೆ. ಬಾಡಿಗೆಯನ್ನು ಕಳಿಸುವವರೇ ಕೊಟ್ಟರೆ ‘ಪೇಯ್ಡ್’, ಮಾಲು ಬಿಡಿಸಿಕೊಳ್ಳುವವರು ಕೊಡುವುದಾದರೆ ‘ಟು ಪೇ’. ಎರಡರಲ್ಲೂ ಬಹುಪಾಲು ಹಣ ಕೈಗೆ ಬಂದ ಮೇಲೆಯೇ ಮಾಲು ಆಚೆ ಹೋಗುತ್ತದೆ. ತಿಂಗಳುಗಟ್ಟಲೆ ಉದ್ರಿಯ ಹಿಂದೆ ಅಲೆಯಬೇಕಿಲ್ಲ. ಕಿಲೋ ಲೆಕ್ಕದಲ್ಲಿ ನೋಡಿದರೆ ಪಾರ್ಸಲ್ಲಿನ ಬಾಡಿಗೆ ಪೂರ್ತಿ ಲೋಡಿಗಿಂತ ಹೆಚ್ಚು. ಗಿರಾಕಿಗಳು ನೂರಾರು ಜನರಾದ್ದರಿಂದ ಯಾವೊಬ್ಬರೂ ದರ ಹಿಂಡಲಾರರು. ಎರಡೂ ತುದಿಯಲ್ಲಿ ಸ್ವಂತ ಆಫೀಸು ಇದ್ದುಬಿಟ್ಟರೆ ಮರಳುವ ಲೋಡಿಗೆ ದಲಾಲಿಯ ಬಾಗಿಲು ತಟ್ಟಬೇಕಿಲ್ಲ, ಅಲ್ಲಿನ ಆಫೀಸೇ ಲೋಡು ಸಿದ್ಧಮಾಡಿ ಇಟ್ಟಿರುತ್ತದೆ.

ಒಂಟಿ ಲಾರಿಯ ಬಗ್ಗೆ ಎತ್ತಬಹುದಾದ ಆಕ್ಷೇಪಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ದಲಾಲಿಯ ಹಂಗು, ಖಾಲಿ ಮರಳುವ ಭಯ, ಬಾಕಿ ವಸೂಲಿಯ ಪಾಡು ಇವೆಲ್ಲ ಸಡಿಲವಾದವು. ಲಾರಿ ಕಣ್ಣಮರೆಯಾಗುವ ಸಮಸ್ಯೆಯೂ ತಕ್ಕಮಟ್ಟಿಗೆ ಹಿಡಿತಕ್ಕೆ ಬಂತು. ಯಾವ ಗಂಟು ಯಾವ ಲಾರಿಯಲ್ಲಿ ಹೊರಟಿತು, ಎಲ್ಲಿ ಇಳಿಯಿತು ಎಂಬುದು ಈಗ ಕಾಗದದ ಮೇಲಿದೆ. ಹೊರಟ ಆಫೀಸಿನ ಪಟ್ಟಿಗೂ ಇಳಿದ ಆಫೀಸಿನ ಪಟ್ಟಿಗೂ ತಾಳೆ ಹಾಕಿದರೆ ವ್ಯತ್ಯಾಸ ಅಂದೇ ಗೊತ್ತಾಗುತ್ತದೆ. ಪ್ರೆಸ್ಸಿನಲ್ಲಿ ರೀಮು ಎಣಿಸಿ ಬೆಳೆದವರಿಗೆ ಒಗ್ಗುವ ಶಿಸ್ತು ಇದು. ಪ್ರಕಾಶಕರ ಮನೆಯಲ್ಲಿ ಬೆಳೆದವರು ಪಾರ್ಸಲ್ಲಿನ ಪಾಡನ್ನು ಗಿರಾಕಿಯ ಕಡೆಯಿಂದ ಬಲ್ಲವರೂ ಹೌದು ಎಂದು ನಾನು ಊಹಿಸುತ್ತೇನೆ. ಪುಸ್ತಕದ ಕಟ್ಟು ಹೊತ್ತಿಗೆ ಸರಿಯಾಗಿ ಅಂಗಡಿ ತಲುಪದಿದ್ದರೆ ಹಂಗಾಮೇ ಮುಗಿದುಹೋಗುತ್ತದೆ.

ಕಾಲವೂ ಕೂಡಿಬಂತು. ಅಂದು ಹುಬ್ಬಳ್ಳಿ-ಬೆಂಗಳೂರು ರೈಲು ಹಾದಿ ಮೀಟರ್ ಗೇಜ್ (ಕಿರಿದಾದ ಹಳಿ). ಬ್ರಾಡ್‌ಗೇಜ್ (ಅಗಲವಾದ ಹಳಿ) ಹಾದಿಯ ಊರಿಗೆ ಹೋಗಬೇಕಾದ ಮಾಲನ್ನು ನಡುವೆ ಇಳಿಸಿ ಬೇರೆ ವ್ಯಾಗನ್ನಿಗೆ ಏರಿಸಬೇಕಿತ್ತು. ರೈಲ್ವೆ ಕೂಡ ಬಿಡಿ ಬಿಡಿ ಸರಕಿನಿಂದ ನಿಧಾನವಾಗಿ ಕೈತೊಳೆದುಕೊಳ್ಳುತ್ತ ಪೂರ್ತಿ ವ್ಯಾಗನ್ ತುಂಬುವ ಕಲ್ಲಿದ್ದಲು, ಅದಿರು, ಸಿಮೆಂಟಿನ ಕಡೆ ವಾಲುತ್ತಿತ್ತು. ರಾಣೆಬೆನ್ನೂರಿನ ಬಟ್ಟೆ ಅಂಗಡಿಗೆ ಬೇಕಾದ ಎರಡು ಬೇಲು, ಗಂಗಾವತಿಯ ಬಿಡಿಭಾಗದ ಅಂಗಡಿಗೆ ಬೇಕಾದ ಒಂದು ಪೆಟ್ಟಿಗೆ, ಇವನ್ನು ಹೊರುವವರು ಯಾರು ಎಂಬ ಪ್ರಶ್ನೆಗೆ ರಸ್ತೆಯೇ ಉತ್ತರವಾಯಿತು. 1979ರಲ್ಲಿ ಜಕಾತಿ ನಾಕೆಗಳು ಎದ್ದುಹೋದದ್ದು ರಸ್ತೆ ಸಾಗಣೆಗೆ ಇನ್ನಷ್ಟು ವೇಗ ಕೊಟ್ಟಿತು. ಛಲವನ್ನು ಕೊಂಡಾಡುವವರು ಈ ಕಾರಣಗಳನ್ನು ಎಣಿಸುವುದೇ ಇಲ್ಲ. 1976ರಲ್ಲಿ ಕೂತು 1979ರ ಸರ್ಕಾರಿ ಆದೇಶವನ್ನು ತಂದೆಯೂ ಕಾಣಲಾರರು, ಮಗನೂ ಕಾಣಲಾರರು.

ವಿರೋಧ ಮಾಡಿದ ಉಪಕಾರ

ನಾನು ಒತ್ತಿ ಹೇಳಬೇಕೆಂದಿರುವುದು ಇಲ್ಲಿದೆ. ಮನೆಯವರು ಒಪ್ಪಿದ್ದರೆ ಏನಾಗುತ್ತಿತ್ತು?

ಒಪ್ಪಿಗೆ ಎಂದರೆ ನಮ್ಮ ಮನೆಗಳಲ್ಲಿ ಬರೀ ಬಾಯಿಮಾತಿನ ಹರಕೆಯಲ್ಲ. ಪ್ರೆಸ್ಸಿನ ದುಡ್ಡು ಲಾರಿಗೆ ಹರಿಯುತ್ತದೆ. ಮೊದಲ ವರ್ಷದ ನಷ್ಟ ಕಾಗದದ ಬಿಲ್ಲಿನಲ್ಲಿ ಮುಚ್ಚಿಹೋಗುತ್ತದೆ. ಎರಡನೆಯ ವರ್ಷ ಪ್ರೆಸ್ಸಿನ ಯಂತ್ರವನ್ನೋ ಮನೆಯನ್ನೋ ಅಡವಿಟ್ಟು ಇನ್ನೊಂದು ಲಾರಿ ಕೊಳ್ಳುವ ಮಾತು ಬರುತ್ತದೆ. ನಷ್ಟ ಎಲ್ಲಿದೆ, ಎಷ್ಟಿದೆ ಎಂಬುದು ಯಾರಿಗೂ ಸ್ಪಷ್ಟವಾಗಿ ಕಾಣುವುದಿಲ್ಲ, ಏಕೆಂದರೆ ಎರಡೂ ವ್ಯವಹಾರ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಕಲಸಿಹೋಗಿರುತ್ತವೆ. ತಂದೆ ಬೇಡವೆಂದದ್ದರಿಂದ ಲಾರಿಯ ಸಾಲ ಲಾರಿಯ ಹೆಸರಲ್ಲೇ ಉಳಿಯುತ್ತದೆ. ಅದರ ನಷ್ಟ ಬರಿಗಣ್ಣಿಗೆ ಕಾಣುತ್ತದೆ. ಕಂಡದ್ದರಿಂದಲೇ ವ್ಯವಹಾರದ ಬಗೆ ಬದಲಿಸುವ ಒತ್ತಡ ಹುಟ್ಟುತ್ತದೆ. ಮೆತ್ತನೆಯ ಹಾಸಿಗೆ ಇದ್ದಿದ್ದರೆ ಒಂಟಿ ಲಾರಿಯ ಲೆಕ್ಕದಲ್ಲೇ ಇನ್ನೂ ಐದು ವರ್ಷ ಕಳೆಯಬಹುದಿತ್ತು.

ಹೊಸ ವ್ಯಾಪಾರದ ಅಪಾಯವನ್ನು ಮನೆಯಿಂದ ದೂರವಿಡಬೇಕೆಂಬ ವಿವೇಕ ನಮ್ಮ ಕಾನೂನಿನಲ್ಲೂ ಹಳೆಯದು. ಹಿಂದೂ ಅವಿಭಕ್ತ ಕುಟುಂಬದಲ್ಲಿ ಪರಂಪರೆಯಿಂದ ಬಂದ ವ್ಯಾಪಾರ ಬೇರೆ, ಯಜಮಾನ ಹೊಸದಾಗಿ ಆರಂಭಿಸಿದ ವ್ಯಾಪಾರ ಬೇರೆ. ಹೊಸ ವ್ಯಾಪಾರದ ಅಪಾಯವನ್ನು ಮನೆಯ ಅಪ್ರಾಪ್ತ ವಯಸ್ಕ ಸದಸ್ಯರ ಪಾಲಿನ ಆಸ್ತಿಯ ಮೇಲೆ ಹೇರಲಾಗದು ಎಂದು ಬ್ರಿಟಿಷ್ ಕಾಲದ ಅತ್ಯುನ್ನತ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ 1922ರಲ್ಲೇ ತೀರ್ಪು ನೀಡಿದೆ. ವಯಸ್ಸಿಗೆ ಬಂದ ಮಗ ಸ್ವಂತ ಹೆಸರಿನಲ್ಲಿ ಮಾಡಿದ ಸಾಲಕ್ಕೆ ತಂದೆ ಜಾಮೀನು ಹಾಕದ ಹೊರತು ಹೊಣೆಗಾರರಲ್ಲ. ಜಾಮೀನು ಹಾಕಿದರೆ ಮಾತ್ರ, 1872ರ ಒಪ್ಪಂದ ಕಾಯಿದೆಯ 128ನೆಯ ಕಲಮಿನ ಪ್ರಕಾರ, ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಬರುತ್ತದೆ. ಒಂದು ಸಹಿಯಿಂದ ಮಗನ ಲಾರಿಯ ನಷ್ಟ ತಂದೆಯ ಪ್ರೆಸ್ಸಿಗೆ ದಾಟುತ್ತದೆ. ಸಹಿಗೆ ಹಿಂದೆಗೆಯುವ ತಂದೆ ಮಗನ ತಂಗಿಯ ಮದುವೆಯನ್ನು, ತಮ್ಮನ ಓದನ್ನು, ಪ್ರೆಸ್ಸಿನ ಕೆಲಸಗಾರರ ಸಂಬಳವನ್ನು ಕಾಯುತ್ತಿರುತ್ತಾರೆ. ಉದ್ಯಮಿಯ ಕಥೆಯಲ್ಲಿ ಇವರಾರಿಗೂ ಮಾತಿಲ್ಲ.

ಇದೇ ಸೀಮೆಯ ಇನ್ನೊಂದು ಹಳೆಯ ಉದಾಹರಣೆ ಹೋಲಿಕೆಗೆ ಬರುತ್ತದೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದ್ದು ತಂದೆಯ ಇಚ್ಛೆಗೆ ವಿರುದ್ಧವಾಗಿ. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದ ದೃಷ್ಟಿದೋಷ ತಿಳಿದು ಚಿತ್ರಕಲೆ ಕೈಬಿಡಬೇಕಾಯಿತು; ಯಂತ್ರಗಳ ರೇಖಾಚಿತ್ರ ಕಲಿತು ಕಲಿಸುವ ಕೆಲಸಕ್ಕೆ ಸೇರಿದರು. ಅವರು ಮುಂಬಯಿಯಿಂದ ಸೈಕಲ್ ಕಳಿಸಿದರೆ ಬೆಳಗಾವಿಯಲ್ಲಿ ಅದನ್ನು ಮಾರಿದವರು ಅಣ್ಣ ರಾಮಣ್ಣ. ನೇಗಿಲಿನ ಕಾರ್ಖಾನೆ, 1910ರಲ್ಲಿ ಔಂಧ್ ಸಂಸ್ಥಾನದ ಬರಡು ನೆಲದಲ್ಲಿ ಎದ್ದ ಕಿರ್ಲೋಸ್ಕರವಾಡಿ ಎಲ್ಲವೂ ಆಮೇಲಿನ ಮಾತು. ಮನೆಯ ವಿರೋಧ ಎಂದು ನಾವು ಒಟ್ಟಾಗಿ ಹೇಳುವುದು ಅನೇಕ ಸಲ ಒಬ್ಬರ ವಿರೋಧ. ಅದೇ ಮನೆಯ ಇನ್ನೊಬ್ಬರು ಅಂಗಡಿಯ ಕಟ್ಟೆಯ ಮೇಲೆ ಕೂತು ಸೈಕಲ್ ಮಾರಿಕೊಡುತ್ತಾರೆ. ಕಬ್ಬಿಣದ ನೇಗಿಲು ಹೊಲಕ್ಕೆ ವಿಷ ಎಂದು ನಂಬಿದ್ದ ರೈತರ ವಿರೋಧದ ಮುಂದೆ ತಂದೆಯ ವಿರೋಧ ಸಣ್ಣದೆನಿಸುತ್ತದೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎನ್ನುತ್ತದೆ ಆ ಸಂಸ್ಥೆಯ ಇತಿಹಾಸ.

ಆಮೇಲಿನ ನಿರ್ಧಾರಗಳು

ಸಂಕೇಶ್ವರರ ನಂತರದ ಹೆಜ್ಜೆಗಳನ್ನು ವೇಗವಾಗಿ ನೋಡಿದರೆ ಸಾಕು. 1996ರಲ್ಲಿ ಬಸ್ ಸೇವೆ ಆರಂಭವಾಯಿತು. ಅದೇ ವರ್ಷ ಧಾರವಾಡ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಮೊದಲ ಸಲ ಆಯ್ಕೆಯಾದರು, 1998 ಮತ್ತು 1999ರಲ್ಲಿ ಮರಳಿ ಗೆದ್ದರು. 1999ರಲ್ಲಿ ‘ವಿಜಯ ಕರ್ನಾಟಕ’ ದಿನಪತ್ರಿಕೆ ಹೊರಬಂತು. ಕೆಲವೇ ವರ್ಷಗಳಲ್ಲಿ ಅದು ಕನ್ನಡದ ಅತಿ ಹೆಚ್ಚು ಪ್ರಸಾರದ ಪತ್ರಿಕೆಗಳ ಸಾಲಿಗೆ ಏರಿತು, 2006ರಲ್ಲಿ ಟೈಮ್ಸ್ ಸಮೂಹಕ್ಕೆ ಮಾರಾಟವಾಯಿತು. 2012ರಲ್ಲಿ ‘ವಿಜಯವಾಣಿ’ ಆರಂಭವಾಯಿತು. 2015ರ ಏಪ್ರಿಲ್‌ನಲ್ಲಿ ವಿಆರ್‌ಎಲ್ ಲಾಜಿಸ್ಟಿಕ್ಸ್‌ನ ಶೇರುಗಳು ತಲಾ 205 ರೂಪಾಯಿಯ ದರದಲ್ಲಿ ಸಾರ್ವಜನಿಕರಿಗೆ ಬಂದವು, ನೀಡಿಕೆಗಿಂತ ಹಲವು ಪಟ್ಟು ಬೇಡಿಕೆ ಬಂತು. 2020ರಲ್ಲಿ ಪದ್ಮಶ್ರೀ.

ಇವುಗಳಲ್ಲಿ ಈ ಅಧ್ಯಯನಕ್ಕೆ ಮುಖ್ಯವಾದವು ಎರಡು. ಮೊದಲನೆಯದು ಪತ್ರಿಕೆ. ದಿನಪತ್ರಿಕೆಯಲ್ಲಿ ಅಚ್ಚು ಮತ್ತು ಸಾಗಣೆ ಎರಡೂ ಗೆಲ್ಲಬೇಕು. ಬೆಳಗಾಗುವ ಮೊದಲು ತಾಲ್ಲೂಕು ತಾಲ್ಲೂಕಿಗೆ ಕಟ್ಟು ತಲುಪದಿದ್ದರೆ ಒಳಗಿನ ಬರಹ ಎಷ್ಟು ಚೆನ್ನಾಗಿದ್ದರೂ ವ್ಯರ್ಥ. ಅಪ್ಪನ ಮನೆಯ ಮುದ್ರಣದ ತಿಳಿವು, ಅಪ್ಪ ಒಪ್ಪದ ಲಾರಿಯ ತಿಳಿವು ಎರಡೂ ಒಬ್ಬರಲ್ಲೇ ಇದ್ದದ್ದು ಅಲ್ಲಿ ಕೆಲಸಕ್ಕೆ ಬಂತು. ಮನೆತನದ ಕಸುಬನ್ನು ಬಿಟ್ಟುಹೋದವರು ಅದನ್ನು ಕಳೆದುಕೊಂಡಿರಲೇಬೇಕೆಂದಿಲ್ಲ.

ಎರಡನೆಯದು ವಾಹನಗಳನ್ನು ನೋಡಿಕೊಂಡ ಬಗೆ. ಹುಬ್ಬಳ್ಳಿ ಹತ್ತಿರದ ವರೂರಿನಲ್ಲಿ ಕಂಪನಿಯದೇ ದೊಡ್ಡ ವರ್ಕ್‌ಶಾಪ್ ಇದೆ. ಲಾರಿಯ ಬಾಡಿ ಕಟ್ಟುವುದು, ರಿಪೇರಿ, ಬಿಡಿಭಾಗದ ದಾಸ್ತಾನು ಎಲ್ಲ ಮನೆಯೊಳಗೇ ನಡೆಯುತ್ತವೆ. ಲಾರಿ ವ್ಯವಹಾರದಲ್ಲಿ ದುಡ್ಡು ಸೋರುವ ಜಾಗಗಳೆಂದು ಎಲ್ಲರಿಗೂ ಗೊತ್ತಿದ್ದ ಟೈರು, ಎಂಜಿನ್, ಗ್ಯಾರೇಜಿನ ಬಿಲ್ಲುಗಳನ್ನು ಒಂದೊಂದಾಗಿ ತಮ್ಮ ಕಣ್ಣಳತೆಗೆ ತಂದುಕೊಂಡ ರೀತಿ ಇದು. 1976ರ ಆಕ್ಷೇಪಗಳಿಗೆ ಉತ್ತರ ಹೀಗೆ ದಶಕಗಳ ಕಾಲ ಬರೆಯಲ್ಪಟ್ಟಿತು. 2023ರಲ್ಲಿ ಬಸ್ ವ್ಯವಹಾರವನ್ನು ಸರಕು ಸಾಗಣೆಯ ಕಂಪನಿಯಿಂದ ಬಿಡಿಸಿ ಪ್ರವರ್ತಕರದೇ ಬೇರೆ ಕಂಪನಿಗೆ ವರ್ಗಾಯಿಸಲಾಯಿತು. ಒಂದರ ಏರಿಳಿತ ಇನ್ನೊಂದಕ್ಕೆ ತಾಗದಂತೆ ಬೇಲಿ ಹಾಕುವುದು ಎಷ್ಟು ದೊಡ್ಡ ಸಂಸ್ಥೆಗೂ ಬೇಕಾಗುತ್ತದೆ.

ಇಂದು ಇದೇ ಸ್ಥಿತಿಯಲ್ಲಿರುವವರಿಗೆ

ಗೆದ್ದವರ ಕಥೆಯೊಂದನ್ನೇ ಓದಿ ನಿರ್ಧಾರ ಮಾಡುವುದು ಅಪಾಯ. 1976ರಲ್ಲಿ ಲಾರಿ ಕೊಂಡು ಮನೆಯವರ ಮಾತು ಮೀರಿದವರು ಬೇರೆಯವರೂ ಇದ್ದರು. ಲಾರಿಯನ್ನು ಫೈನಾನ್ಸಿನವರು ಎಳೆದುಕೊಂಡು ಹೋದ ಮೇಲೆ ಅವರ ಕಥೆಯನ್ನು ಯಾರೂ ಬರೆಯಲಿಲ್ಲ. ಆದ್ದರಿಂದ ಈ ಪ್ರಕರಣದಿಂದ ಛಲವನ್ನು ಎರವಲು ಪಡೆಯುವ ಬದಲು ಅದರ ಕ್ರಮವನ್ನು ಪಡೆಯಿರಿ ಎಂಬುದು ನನ್ನ ಕಳಕಳಿಯ ಮಾತು.

ಮನೆಯವರು ಬೇಡ ಎನ್ನುವಾಗ ಏನನ್ನು ಬೇಡ ಎನ್ನುತ್ತಿದ್ದಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ‘ಆ ಧಂದೆಯೇ ಸರಿಯಿಲ್ಲ’ ಎಂಬ ಮಾತಿನ ಒಳಗೆ ಸಾಮಾನ್ಯವಾಗಿ ನಾಲ್ಕೈದು ಬೇರೆ ಬೇರೆ ಪ್ರಶ್ನೆಗಳಿರುತ್ತವೆ: ಬಾಕಿ ವಸೂಲಿ ಹೇಗೆ, ಕೆಲಸಗಾರ ಕೈಕೊಟ್ಟರೆ ಏನು, ಗಿರಾಕಿ ಒಬ್ಬನೇ ಆಗಿದ್ದು ಅವನು ಬಿಟ್ಟುಹೋದರೆ ಗತಿಯೇನು, ಮನೆಯ ಮೇಲೆ ಸಾಲ ಬರುತ್ತದೆಯೇ. ಇವುಗಳಲ್ಲಿ ಯಾವುದಕ್ಕೆ ನಿಮ್ಮ ವ್ಯವಹಾರದ ಬಗೆಯಲ್ಲೇ ಉತ್ತರವಿದೆ, ಯಾವುದಕ್ಕೆ ಬರೀ ನಿಮ್ಮ ಧೈರ್ಯವೊಂದೇ ಉತ್ತರ ಎಂಬುದನ್ನು ವಿಂಗಡಿಸಬೇಕು. ಧೈರ್ಯವೇ ಉತ್ತರವಾಗಿರುವ ಕಡೆ ನಿಮ್ಮ ಹಿರಿಯರು ಗೆದ್ದಿದ್ದಾರೆ. ಅಲ್ಲಿ ವ್ಯವಹಾರದ ರೂಪ ಬದಲಾಗಬೇಕು. ಜಾತಿ, ಹೆಣ್ಣುಮಗಳು ಅಂಗಡಿಯಲ್ಲಿ ಕೂರಬಾರದು, ನೆಂಟರು ಏನೆಂದಾರು ಎಂಬಂಥ ಆಕ್ಷೇಪಗಳೂ ಈ ಪಟ್ಟಿಯಲ್ಲಿ ಬರುತ್ತವೆ. ಅವುಗಳಿಗೆ ಲೆಕ್ಕದ ಉತ್ತರ ಬೇಕಿಲ್ಲ, ಅವನ್ನು ಮೀರಿ ನಡೆಯುವುದೇ ಸರಿ. ಆದರೆ ಲೆಕ್ಕದ ಪ್ರಶ್ನೆಯನ್ನು ಈ ಗುಂಪಿಗೆ ಸೇರಿಸಿ ತಪ್ಪಿಸಿಕೊಳ್ಳಬಾರದು.

ಸಾಲದ ವಿಷಯದಲ್ಲಿ 1976ಕ್ಕಿಂತ ಇಂದು ದಾರಿಗಳು ಹೆಚ್ಚು. 2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗೆ ಆಸ್ತಿ ಅಡವಿಲ್ಲದ ಸಾಲ ಸಿಗುತ್ತದೆ; ‘ತರುಣ್’ ವಿಭಾಗದ ಸಾಲ ತೀರಿಸಿದವರಿಗೆ 2024ರಿಂದ ಈ ಮಿತಿ 20 ಲಕ್ಷ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ನಿಗದಿತ ಮಿತಿಯವರೆಗಿನ ಸಾಲಕ್ಕೆ ಬ್ಯಾಂಕುಗಳು ಅಡವು ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆಯೂ ಇದೆ. ಶಾಖೆಯಲ್ಲಿ ಕೂತವರು ಅಷ್ಟಾದರೂ ತಂದೆಯ ಸಹಿ ತನ್ನಿ ಎನ್ನಬಹುದು. ಆಗ ಯೋಜನೆಯ ನಿಯಮವನ್ನು ಮುಂದಿಟ್ಟು ಕೇಳುವ ಹಕ್ಕು ಅರ್ಜಿದಾರರಿಗಿದೆ. ಮನೆಯಲ್ಲಿ ಮಾತು ತೆಗೆಯುವಾಗ ಇದನ್ನೇ ಮೊದಲು ಹೇಳುವುದು ಒಳ್ಳೆಯದು: ಸಾಲ ನನ್ನ ಹೆಸರಲ್ಲಿ, ಮನೆಯ ಉತಾರ (ಆಸ್ತಿಯ ದಾಖಲೆ) ಬ್ಯಾಂಕಿಗೆ ಹೋಗುವುದಿಲ್ಲ, ಅಪ್ಪನ ಸಹಿ ಬೇಡ, ಇಂತಿಷ್ಟು ತಿಂಗಳ ಕಂತಿಗೆ ಸಾಲುವಷ್ಟು ಹಣ ಬೇರೆ ಇಟ್ಟಿದ್ದೇನೆ. ಅರ್ಧಕ್ಕರ್ಧ ಜಗಳ ಇಲ್ಲಿಗೇ ತಣ್ಣಗಾಗಬಹುದು. ಉಳಿದರ್ಧಕ್ಕೆ ಆರು ತಿಂಗಳಿಗೊಮ್ಮೆ ಜಮಾ-ಖರ್ಚಿನ ಪುಸ್ತಕವನ್ನು ತಂದು, ನಷ್ಟವಿದ್ದರೆ ನಷ್ಟವನ್ನೂ ಸೇರಿಸಿ, ಬೇಡ ಎಂದವರ ಎದುರಿಗೇ ಬಿಚ್ಚಿಡಬೇಕು.